ಮಗ್ಗದ ಕುಣಿಯ ಅರ್ಧ ಗೇಣು

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಪಡಸಾಲೆ ಎಂದರೆ ಮಗ್ಗ. ಬಾಗಿಲು ದಾಟಿದವರು ಮೊದಲು ಅದರ ಕುಣಿಯನ್ನು ನೋಡಿಕೊಂಡು ಕಾಲಿಡಬೇಕು. ನೋಡದೆ ಬಂದ ನೆಂಟರು ಒಂದಿಬ್ಬರು ಅದರೊಳಗೆ ಇಳಿದೂ ಇದ್ದಾರೆ. ನೇಯುವವರು ಕುಣಿಯ ಅಂಚಿನ ಹಲಗೆಯ ಮೇಲೆ ಕೂತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ಕೆಳಗಿನ ಮರದ ಪಟ್ಟಿಯನ್ನು ತುಳಿಯುತ್ತಾರೆ. ಆ ಪಟ್ಟಿಗೆ ಕಟ್ಟಿದ ಹಗ್ಗ ಮೇಲೆ ತೊಲೆಯ ಹತ್ತಿರ ಕೂರಿಸಿದ ಉದ್ದನೆಯ ಮರದ ತೋಳನ್ನು ಕೆಳಕ್ಕೆಳೆಯುತ್ತದೆ. ತೋಳಿನ ಇನ್ನೊಂದು ತುದಿ ಸೀರೆಗೆ ಚಿತ್ತಾರ ಮೂಡಿಸುವ ಜಕಾರ್ಡ್ ಪೆಟ್ಟಿಗೆಯ ಕೊಕ್ಕೆಗಳನ್ನು, ಅವುಗಳಿಗೆ ಜೋತುಬಿದ್ದ ದಾರ, ಕಬ್ಬಿಣದ ತೂಕಗಳ ಸಮೇತ ಮೇಲೆತ್ತುತ್ತದೆ. ಆಗ ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳ ಹಾಸು ಬಾಯಿ ಬಿಡುತ್ತದೆ, ಲಾಳಿ ಆ ಬಾಯೊಳಗೆ ಓಡುತ್ತದೆ. ಕಾಲು ಸಡಿಲ ಬಿಟ್ಟರೆ ಬಾಯಿ ಮುಚ್ಚುತ್ತದೆ. ಸೀರೆ ನೇಯುವುದೆಂದರೆ ಇದನ್ನೇ ಬೇಸರವಿಲ್ಲದೆ ಮಾಡುತ್ತಾ ಹೋಗುವುದು.

ನಾನು ಹುಟ್ಟಿದಾಗಿನಿಂದ ಆ ಹಲಗೆಯ ಮೇಲೆ ಅಪ್ಪ ಕೂತಿದ್ದ. ಎತ್ತರದ ಆಳು, ನಮ್ಮ ಬಾಗಿಲಿನಲ್ಲಿ ತಲೆ ಬಗ್ಗಿಸಿಯೇ ಬರುತ್ತಿದ್ದ. ಬೇಸಿಗೆಯಲ್ಲಿ ಮೊಳಕಾಲ್ಮುರಿನ ಸುತ್ತಲಿನ ಬಂಡೆಗಳೆಲ್ಲ ಕಾದು ಊರು ಹಂಚಿನಂತಾದಾಗ ಅಪ್ಪ ಊಟಕ್ಕೂ ಏಳುತ್ತಿರಲಿಲ್ಲ. "ಕೆಳಗೆ ತಣ್ಣಗೈತೆ ಕಣೇ, ತಟ್ಟೆ ಇಲ್ಲಿಗೇ ಕೊಡು," ಅನ್ನುತ್ತಿದ್ದ. ಅವ್ವ ತಟ್ಟೆಯನ್ನು ಹಲಗೆಯ ಮೇಲೆ ಕುಕ್ಕಿ, "ಏಳೋಕೆ ಸೋಮಾರಿತನ ಅನ್ನು. ನೆಲದ ಮ್ಯಾಲೆ ಯಾಕೆ ನೆಪ ಹಾಕ್ತೀಯ?" ಅನ್ನುತ್ತಿದ್ದಳು. ಇದು ವರ್ಷಾವರ್ಷ ನಡೆಯುತ್ತಿದ್ದ ಜಗಳ. ಯಾರೂ ಗೆದ್ದಿದ್ದು ನನಗೆ ನೆನಪಿಲ್ಲ.

ನಾನು ಚಿತ್ರದುರ್ಗದಲ್ಲಿ ಬಿ.ಎಡ್. ಓದುತ್ತಿದ್ದಾಗ ಅಪ್ಪ ತೀರಿಹೋದ. ಕಾರ್ಯ ಮುಗಿಸಿ ಪರೀಕ್ಷೆಗೆಂದು ಹೋದವಳು ರಜೆಗೆ ಮರಳಿ ಬಂದಾಗ ಅವನ ಜಾಗದಲ್ಲಿ ಅವ್ವ ಕೂತು ನೇಯುತ್ತಿದ್ದಳು. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಕೇರಿಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹೆಂಗಸರಿಗೆ ನೇಯಲೂ ಬರುತ್ತದೆ, ಸಂದರ್ಭ ಬರುವವರೆಗೆ ಯಾರೂ ಅವರನ್ನು ಕೇಳುವುದಿಲ್ಲ ಅಷ್ಟೆ. ಆದರೆ ಅವ್ವ ಅಪ್ಪನ ಭುಜಕ್ಕೂ ಬರುತ್ತಿರಲಿಲ್ಲ. ಅವನ ಕಾಲಿನ ಅಳತೆಗೆ ತೋಡಿದ ಕುಣಿಯಲ್ಲಿ ಅವಳ ಕಾಲು ಹೇಗೆ ಎಟುಕಿತು ಎಂಬ ಪ್ರಶ್ನೆ ಮಾತ್ರ, ವಿಜ್ಞಾನ ಓದಿದ ನನ್ನ ತಲೆಗೆ ಹೊಳೆಯಲೇ ಇಲ್ಲ.

ನನಗೆ ದೇವಸಮುದ್ರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಂಟನೇ ಕ್ಲಾಸಿಗೆ ಬಲ, ಚಲನೆ, ಶಕ್ತಿ ನನ್ನ ಪಾಠಗಳು. ಮಕ್ಕಳಲ್ಲಿ ಅರ್ಧ ಜನ ಕುರಿ ಕಾಯುವ ಮನೆಯವರು, ಉಳಿದವರು ಹೊಲದ ಮನೆಯವರು. ಬಲ ಎಂದರೆ ಏನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಟ ಹಿಡಿದ ಟಗರನ್ನು ಎಳೆದವರಿಗೆ ಅದು ಗೊತ್ತು. ಗೊತ್ತಿದ್ದದ್ದನ್ನು ಪುಸ್ತಕದ ಮಾತಿನಲ್ಲಿ ಬರೆಸುವುದಷ್ಟೇ ನನ್ನ ಕೆಲಸವಾಗಿತ್ತು, ಅದಕ್ಕೇ ಅವರಿಗೆ ಬೇಸರ.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಅವ್ವನ ಬಲ ಮಂಡಿ ಕೈಕೊಟ್ಟಿತು. ಚಾಚಿದರೆ ಅಷ್ಟಿಲ್ಲ, ಮಡಚಿದರೆ ನೋವು, ಒತ್ತಿ ತುಳಿದರಂತೂ ಜೀವ ಹೋಗುತ್ತದೆ ಎಂದಳು. ಚಳ್ಳಕೆರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಮಂಡಿಯನ್ನು ಆಚೀಚೆ ಆಡಿಸಿ ನೋಡಿ, "ಮಗ್ಗ ತುಳಿಯೋದು ನಿಲ್ಲಿಸಿಬಿಡಿ," ಎಂದರು. ಮಾತ್ರೆ ಬರೆದುಕೊಟ್ಟರು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಎಣ್ಣೆ ಮಿಲ್ಲಿನ ಕಡೆಯಿಂದ ಹುರಿದ ಕಡಲೆಕಾಯಿಯ ವಾಸನೆ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಅವ್ವ ಒಂದು ಪೊಟ್ಟಣ ಕಡಲೆಕಾಯಿ ಕೊಡಿಸೆನ್ನುತ್ತಿದ್ದಳು. ಅವತ್ತು ಆ ಕಡೆ ತಿರುಗಿಯೂ ನೋಡದೆ ನಡೆದಳು.

ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಮಂಡಿ ಮಡಚಬೇಕಲ್ಲ ಎಂದು ಕಂಬಿ ಹಿಡಿದು ನಿಂತೇ ಬಂದಳು. ಕುರಿ ಹಿಂಡು ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದಾಗ ಬಸ್ಸಿನವರೆಲ್ಲ ಮುಂದಕ್ಕೆ ವಾಲಿದರು, ನಾನು ಅವಳ ಸೊಂಟ ಹಿಡಿದುಕೊಂಡೆ. ಬಸ್ಸು ನಿಂತರೂ ಮೈ ಮುಂದಕ್ಕೇ ಹೋಗಲು ನೋಡುತ್ತದೆ, ಚಲಿಸುತ್ತಿರುವುದು ಚಲಿಸುತ್ತಲೇ ಇರಲು ಬಯಸುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ. ಅದೇ ಬಸ್ಸಿನಲ್ಲಿ ಅವ್ವನಿಗೆ, "ಸಾಕು ನಿಲ್ಸವ್ವ. ನನ್ ಸಂಬಳ ಬರ್ತೈತಲ್ಲ," ಎಂದೆ.

"ನಿನ್ ಸಂಬಳ ಹೊಟ್ಟೆ ನೋಡ್ಕೊಳ್ತೈತೆ," ಎಂದಳು ಅವ್ವ. "ಕೈಯ್ಯ ಏನು ಮಾಡ್ಲಿ? ಗೂಟಕ್ಕೆ ನೇತು ಹಾಕ್ಲಾ?"

ಸುದ್ದಿ ತಿಳಿದು ಚಿಕ್ಕಪ್ಪ ಬಂದ. ಅಪ್ಪನ ತಮ್ಮ, ಎರಡು ಓಣಿ ಆಚೆ ಅವನದೂ ಮಗ್ಗವಿತ್ತು. ಒಳ್ಳೆಯ ಮನುಷ್ಯನೇ, ಆದರೆ ಒಳ್ಳೆಯದನ್ನು ಬೇರೆಯವರ ಪರವಾಗಿ ತಾನೇ ತೀರ್ಮಾನಿಸುವ ಜಾತಿ. "ಅತ್ತಿಗೆ, ಈಗ ಮಗ್ಗದ ಮ್ಯಾಲಿರೋ ಹಾಸು ಮುಗೀಲಿ," ಎಂದ. "ಮುಗಿದ ಮ್ಯಾಲೆ ಕತ್ತರಿಸಿಬಿಡ್ರಿ. ನಾನು ಬಂದು ಬಿಚ್ಕೊಂಡ್ ಹೋಗ್ತೀನಿ. ಜಕಾರ್ಡು ನನ್ನ ಮಗ್ಗಕ್ಕೆ ಆಗ್ತೈತೆ. ಕುಣಿ ಮುಚ್ಚಿದ್ರೆ ನಿಮಗೂ ಮಂಚ ಹಾಕ್ಕೊಳ್ಳೋಕೆ ಜಾಗ ಆಯ್ತು."

ಇಲ್ಲಿ ಒಂದು ವಿಷಯ ಹೇಳಬೇಕು. ಹಾಸು ಮುಗಿದಾಗ ನಾವು ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಕೊನೆಯ ಸೀರೆ ಇಳಿಸಿದ ಮೇಲೂ ಹಳೆಯ ಎಳೆಗಳ ಬಾಲವನ್ನು ಮಗ್ಗದಲ್ಲೇ ಬಿಡುತ್ತೇವೆ. ಹೆಂಗಸರು ಕೂತು ಬೆರಳಿಗೆ ಬೂದಿ ಸವರಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಆಮೇಲೆ ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಮಗ್ಗದೊಳಗೆ ಬರುತ್ತದೆ. ಹೀಗಾಗಿ ನಮ್ಮ ಮಗ್ಗದಲ್ಲಿ ಅಪ್ಪ ಕೂರಿಸಿದ ಮೊದಲ ಹಾಸಿನಿಂದ ಇಲ್ಲಿಯವರೆಗೆ ಎಳೆ ಕಡಿದಿರಲಿಲ್ಲ. ಬಾಲ ಕತ್ತರಿಸಿದರೆ ಆ ಮಗ್ಗ ಮುಗಿಯಿತು ಎಂದೇ ಅರ್ಥ. ಚಿಕ್ಕಪ್ಪ ಹೇಳಿದ್ದು ಅದನ್ನು.

ಅವ್ವ, "ಆಗ್ಲಿ ಬಿಡು," ಎಂದಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಚಿಕ್ಕಪ್ಪ ಹೋದ ಮೇಲೆ ಒಲೆಯ ಮುಂದೆ ಕೂತು ಸುಮ್ಮನೆ ಬೂದಿ ಕೆದಕುತ್ತಿದ್ದಳು. ನಿಲ್ಲಿಸು ಎಂದು ಬಸ್ಸಿನಲ್ಲಿ ವಾದ ಮಾಡಿದ ನಾನೇ ಅದನ್ನು ನೋಡಿ ಮನಸ್ಸು ಬದಲಿಸಿದೆ. ಹಾಸಿನಲ್ಲಿ ಇನ್ನೂ ಒಂದೆರಡು ಸೀರೆಗಾಗುವಷ್ಟು ಎಳೆಯಿತ್ತು. ಅದು ಮುಗಿಯುವುದರೊಳಗೆ ಆ ತುಳಿತವನ್ನು ಹಗುರ ಮಾಡಬೇಕು ಎಂದುಕೊಂಡೆ.

ಆ ವಾರ ಶಾಲೆಯಲ್ಲಿ ಸನ್ನೆಕೋಲಿನ ಪಾಠ ನಡೆಯುತ್ತಿತ್ತು. ಮರದ ಅಳತೆಪಟ್ಟಿಯನ್ನು ಪೆನ್ಸಿಲ್ ಮೇಲಿಟ್ಟು ಎರಡೂ ಕಡೆ ಹುಣಸೆ ಬೀಜ ಹೇರಿ ತೂಗಿಸುವುದು ನನ್ನ ವಿಧಾನ. ಬೀಜವನ್ನು ಮಕ್ಕಳು ತಿಂದುಬಿಡುತ್ತಿದ್ದರು ಎನ್ನುವುದು ಬೇರೆ ಮಾತು. ಆ ದಿನ ಬೋರ್ಡಿನ ಮೇಲೆ ನಮ್ಮ ಮಗ್ಗದ ತೋಳನ್ನೇ ಬರೆದು, ಒಂದು ಕಡೆ ಜಕಾರ್ಡಿನ ತೂಕ, ಇನ್ನೊಂದು ಕಡೆ ನಮ್ಮ ಅವ್ವನ ಕಾಲು, ಕಾಲಿಗೆ ನೋವು, ಏನು ಮಾಡೋಣ ಎಂದು ಕೇಳಿದೆ.

"ಕಾಲಿನ ಕಡೆನೂ ಒಂದಿಷ್ಟು ತೂಕ ಹಾಕ್ರಿ ಟೀಚರ್! ಬೀಜ ಹಾಕ್ದಂಗೆ!" ಎಂದು ಇಡೀ ಕ್ಲಾಸು ಕೂಗಿತು. ನನಗೂ ಸರಿ ಎನ್ನಿಸಿತು. ಎರಡೂ ಕಡೆ ತೂಕ ಸಮವಾದರೆ ಸ್ವಲ್ಪ ಒತ್ತಿದರೂ ಮೇಲೇಳುತ್ತದೆ. ಮಕ್ಕಳಿಗೆ ಭೇಷ್ ಎಂದೆ.

ಭಾನುವಾರ ಹಳೆಯ ಗೋಣಿಚೀಲಕ್ಕೆ ಮರಳು ತುಂಬಿ, ಹಗ್ಗವಿದ್ದ ಕಡೆಯ ತೋಳಿಗೆ ನೇತುಹಾಕಿದೆ. ಅವ್ವ ಅನುಮಾನದಿಂದಲೇ ಕುಣಿಯಲ್ಲಿ ಕಾಲಿಳಿಸಿ ತುಳಿದಳು. ಮುಖ ಅರಳಿತು.

"ಅಯ್ಯೋ, ಹೂವಿನಂಗೈತಲ್ಲೇ!"

ಲಾಳಿ ಓಡಿಸಿ ಕಾಲು ಬಿಟ್ಟಳು. ಹಾಸು ಬಾಯಿ ಮುಚ್ಚಲಿಲ್ಲ. ಮೇಲಕ್ಕೆ ಹೋದ ಕೊಕ್ಕೆಗಳು ಅಲ್ಲೇ ನಿಂತಿದ್ದವು, ಇಳಿಯುವ ಮನಸ್ಸೇ ಅವಕ್ಕಿರಲಿಲ್ಲ. ಅವ್ವ ಪಟ್ಟಿಯನ್ನು ಅಲುಗಾಡಿಸಿದಳು. ಚೀಲ ಗಡಿಯಾರದ ಲೋಲಕದಂತೆ ತೂಗಿತು, ನಾಲ್ಕೈದು ಎಳೆ ಫಟ್ಟೆಂದು ಹರಿದವು.

"ಎತ್ತೋಕ್ ಕಲಿಸ್ದೆ, ಇಳಿಸೋಕ್ ಕಲಿಸ್ಲಿಲ್ಲ," ಎಂದು ಅವ್ವ ಹರಿದ ಎಳೆ ಹುಡುಕತೊಡಗಿದಳು. "ಪುಸ್ತಕದ ಬದನೆಕಾಯಿ ಇದು. ಬಿಚ್ಚು ಮೊದ್ಲು."

ಬಿಚ್ಚಿದೆ. ಬಿಚ್ಚುವಾಗ ಅರ್ಥವಾಯಿತು. ನನ್ನ ಲೆಕ್ಕದಲ್ಲಿ ಆ ಕಬ್ಬಿಣದ ತೂಕ ಅವ್ವನ ಕಾಲಿನ ಶತ್ರು. ಆದರೆ ಕಾಲು ತುಳಿದು ಮೇಲೆತ್ತಿದ ತೂಕವೇ ಕಾಲು ಬಿಟ್ಟಾಗ ಕೆಳಗಿಳಿದು ಬಾಯಿ ಮುಚ್ಚುವುದು. ಎತ್ತರಕ್ಕೆ ಹೋದ ವಸ್ತುವಿನಲ್ಲಿ ನಾವು ಹಾಕಿದ ಶಕ್ತಿ ಕೂತಿರುತ್ತದೆ, ಬಿಟ್ಟಾಗ ಅದು ಕೆಲಸಕ್ಕೆ ಬರುತ್ತದೆ ಎಂದು ನಾನು ಬರೆಸುತ್ತಿದ್ದ ನೋಟ್ಸಿನಲ್ಲಿ ಬೆಟ್ಟದ ಮೇಲಿನ ಕಲ್ಲಿನ ಚಿತ್ರವಿತ್ತು. ಮಗ್ಗದ ಚಿತ್ರವಿರಲಿಲ್ಲ. ತೂಕವನ್ನು ತೂಕದಿಂದ ಕೊಂದರೆ ಇಳಿಯುವ ಕೆಲಸ ಮಾಡುವವರು ಯಾರು?

ಸೋಮವಾರ ಮಕ್ಕಳಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರಿಗೆ ಪಾಠಕ್ಕಿಂತ ಎಳೆ ಹರಿದದ್ದು, ಅವ್ವ ಬೈದದ್ದು ಹೆಚ್ಚು ಹಿಡಿಸಿತು. ಆಮೇಲೆ ಎಲ್ಲರೂ ಹೊಲದಲ್ಲಿ ಬಂಡೆ ಮಗುಚುವ ಹಾರೆಯ ಮಾತು ಎತ್ತಿದರು. ಗಿಡ್ಡ ಹಾರೆಗೆ ಜಗ್ಗದ ಬಂಡೆ ಉದ್ದ ಹಾರೆಗೆ ಜಗ್ಗುತ್ತದೆ. ತೋಳನ್ನೂ ಕಾಲಿನ ಕಡೆ ಉದ್ದ ಮಾಡಿದರಾಯಿತು ಎಂದು ಗದ್ದಲದ ನಡುವೆ ತೀರ್ಮಾನವಾಯಿತು. ಇದರಲ್ಲಿ ತಪ್ಪೇನೂ ಇರಲಿಲ್ಲ. ತೂಕ ತೂಕವಾಗಿಯೇ ಉಳಿಯುತ್ತದೆ, ಕಾಲಿಗೆ ಬೇಕಾದ ಬಲ ಕಡಿಮೆಯಾಗುತ್ತದೆ.

ನಮ್ಮ ಓಣಿಯ ಬಡಗಿ ಆಂಧ್ರದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಹಳೆಯ ತೋಳನ್ನು ತೆಗೆದಿಟ್ಟು, ಹೊಂದುವ ಮರದಲ್ಲಿ ಉದ್ದನೆಯ ತೋಳು ಮಾಡಿ ಕೂರಿಸಿದ. ನಾನು ಇನ್ನೂ ಉದ್ದ ಇರಲಿ ಎಂದೆ. "ಅಟ್ಲಾ ಕಾದಮ್ಮಾ, ಹಂಗಾಗಲ್ಲ, ಗೋಡೆಗೆ ಹೊಡೀತೈತೆ," ಎಂದು ಗೋಡೆ ತೋರಿಸಿದ. ಇದ್ದಷ್ಟಕ್ಕೆ ಸಾಕು ಮಾಡಿದೆವು.

ಅವ್ವ ತುಳಿದಳು. ಹೂವಿನಂತೆ ಅಲ್ಲ, ಆದರೆ ಹಲ್ಲು ಕಚ್ಚುವ ಅಗತ್ಯವಿರಲಿಲ್ಲ. ಪಟ್ಟಿ ಕೆಳಗೆ ಹೋಗಿ ನೆಲಕ್ಕೆ ಟಪ್ಪೆಂದು ಬಡಿಯಿತು. ಹಾಸು ಅರ್ಧ ಬಾಯಿ ಬಿಟ್ಟು ನಿಂತಿತು. ಲಾಳಿ ಎಳೆಗೆ ಮೂಗು ತಾಗಿಸಿ ಒಳಗೆ ಹೋಗದೆ ಕೆಳಗೆ ಬಿತ್ತು.

ಬಲ ಉಳಿಸಿದರೆ ದೂರ ಹೆಚ್ಚು ಕೊಡಬೇಕು. ಎರಡನ್ನೂ ಉಳಿಸುವ ಯಂತ್ರ ಇಲ್ಲ. ಈ ವಾಕ್ಯವನ್ನು ನಾನು ಪ್ರತಿ ವರ್ಷ ಕೆಂಪು ಸೀಮೆಸುಣ್ಣದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಹೆದರಿಸುತ್ತಿದ್ದೆ. ಉದ್ದ ತೋಳಿಗೆ ಕಾಲು ಇನ್ನೂ ಕೆಳಕ್ಕೆ ಹೋಗಬೇಕು, ಕೆಳಗೆ ಕುಣಿಯ ನೆಲ ಅಡ್ಡ ಬರುತ್ತಿದೆ. ಊರ ಮಕ್ಕಳಿಗೆ ಹೇಳಿದ್ದು ಮನೆಯಲ್ಲಿ ನೆನಪಾಗಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಕುಣಿ ಆಳ ಮಾಡ್ಬೇಕವ್ವ," ಎಂದೆ. "ಜಾಸ್ತಿ ಬೇಡ, ಅರ್ಧ ಗೇಣು."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಕುಣಿಯ ನೆಲದ ಕಡೆ ನೋಡಿದಳು. "ಹಾಸು ಇರೋವಾಗ ಕುಣಿಗೆ ಕಬ್ಬಿಣ ಹಾಕಬಾರ್ದು," ಎಂದಷ್ಟೇ ಅಂದಳು. ನಮ್ಮಲ್ಲಿ ಹಾಗೊಂದು ಪದ್ಧತಿ ಇದೆ. ಅರೆ ನೇಯ್ದ ಸೀರೆಯ ಕೆಳಗೆ ಯಾರೂ ಅಗೆಯುವುದಿಲ್ಲ. ಮಣ್ಣು ಎದ್ದು ರೇಷ್ಮೆಗೆ ಕೂರುತ್ತದೆ ಎನ್ನುವುದು ಕಾರಣವಿರಬೇಕು. ಆದರೆ ಹಾಸು ಮುಗಿಯಿತೆಂದರೆ ಚಿಕ್ಕಪ್ಪ ಬರುತ್ತಾನೆ.

ಬಡಗಿಯನ್ನು ಕರೆದು ಹಳೆಯ ತೋಳನ್ನೇ ಹಾಕಿಸಬೇಕಾಯಿತು. ಉಳಿದ ಸೀರೆಗಳನ್ನು ಅವ್ವ ಅದರಲ್ಲೇ ನೇಯ್ದಳು. ಹೇಗೆ ನೇಯ್ದಳೋ! ಪ್ರತಿ ತುಳಿತಕ್ಕೂ ಅವಳ ಬಾಯಿಂದ ಸಣ್ಣಗೆ ಉಸಿರು ಹೊರಬರುತ್ತಿತ್ತು. ಅಡುಗೆಮನೆಯಲ್ಲಿ ಕೂತು ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಆ ಸದ್ದು ಕೇಳುತ್ತಿದ್ದೆ. ನಿಲ್ಲಿಸು ಎನ್ನುವ ಧೈರ್ಯ ಮತ್ತೆ ಬರಲಿಲ್ಲ.

ಕೊನೆಯ ಸೀರೆ ಇಳಿಸಿದ್ದು ಒಂದು ಶನಿವಾರ. ಮಗ್ಗದಲ್ಲಿ ಎಳೆಗಳ ಬಾಲ ಮಾತ್ರ ಜೋತಾಡುತ್ತಿತ್ತು. ಮರುದಿನ ಬೆಳಿಗ್ಗೆ ಬಂದು ಬಿಚ್ಚುತ್ತೇನೆ ಎಂದು ಚಿಕ್ಕಪ್ಪ ಹೇಳಿ ಕಳಿಸಿದ್ದ. ಅವನು ಬರುವುದರೊಳಗೆ ಬಾಲ ಕತ್ತರಿಸಿರಬೇಕಿತ್ತು.

ಭಾನುವಾರ ನಾನು ಹಾಲು ತಂದು ಒಳಗೆ ಬಂದಾಗ ಕತ್ತರಿ ಹಲಗೆಯ ಮೇಲೆಯೇ ಇತ್ತು, ಬಾಲವೂ ಹಾಗೇ ಇತ್ತು. ಅವ್ವ ಕುಣಿಯೊಳಗೆ ಇಳಿದಿದ್ದಳು. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ. ನೋಯುವ ಕಾಲನ್ನು ಮುಂದಕ್ಕೆ ಚಾಚಿಕೊಂಡು, ಇನ್ನೊಂದು ಮಂಡಿಯೂರಿ, ತುಳಿಯುವ ಪಟ್ಟಿಯ ಕೆಳಗಿನ ನೆಲವನ್ನು ಕೆರೆಯುತ್ತಿದ್ದಳು.

"ಬಿಡವ್ವ, ನಾನ್ ಅಗೀತೀನಿ," ಎಂದು ಇಳಿಯಹೋದೆ.

"ಅಗಿಯೋದೇನೈತೆ. ಇದು ನಾನೇ ಹಾಕಿದ್ ಮಣ್ಣು," ಎಂದಳು.

ನಾನು ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತೆ. ಅವಳು ಕೆರೆಯುತ್ತಲೇ ಹೇಳಿದಳು. ಅಪ್ಪ ಹೋದ ಮೇಲೆ ಮೊದಲ ಸಲ ಹಲಗೆಯ ಮೇಲೆ ಕೂತಾಗ ಕಾಲು ನೆಲಕ್ಕೆ ಎಟುಕಲಿಲ್ಲವಂತೆ, ಬಾವಿಯ ಕಟ್ಟೆಯ ಮೇಲೆ ಕೂತ ಹಾಗೆ ಜೋತಾಡಿತಂತೆ. ಒಬ್ಬಳೇ ಕೆರೆಯ ಅಂಗಳದಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು, ಕುಣಿಗೆ ಸುರಿದು, ತುಳಿದು ಗಟ್ಟಿ ಮಾಡಿ, ಮೇಲೆ ಸಗಣಿ ಸಾರಿಸಿದ್ದಳು. ನಾನು ಆಗ ಚಿತ್ರದುರ್ಗದಲ್ಲಿ ಪರೀಕ್ಷೆ ಬರೆಯುತ್ತಿದ್ದೆ.

"ನಾ ಕುಣಿ ಆಳ ಮಾಡ್ಬೇಕು ಅಂದಾಗ್ಲೇ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಿಮ್ಮಪ್ಪನ್ ಜಾಗ ಮುಚ್ಚಿ ಕೂತಿದೀನಿ ಅಂತನಾ?" ಎಂದು ಕುರ್ಪಿಯನ್ನು ಜೋರಾಗಿ ಎಳೆದಳು.

ಕೆರೆಯ ಮಣ್ಣು ಕಪ್ಪಗೆ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಅರ್ಧ ಗೇಣು ಹೋದ ಮೇಲೆ ಕುರ್ಪಿ ಟಣ್ಣೆಂದಿತು. ಕೆಳಗೆ ಕೆಂಪು ನೆಲ, ಕಲ್ಲಿನಷ್ಟು ಗಟ್ಟಿ, ಕಾಲು ತಿಕ್ಕಿ ತಿಕ್ಕಿ ನುಣುಪಾಗಿತ್ತು. ಎಲ್ಲ ತೆಗೆಯಬೇಡ ಎಂದೆ. ಎಡಗಾಲು ಇಡುವ ಕಡೆ ಅವಳ ಮಣ್ಣು ಹಾಗೇ ಇರಲಿ, ಬಲಗಾಲು ತುಳಿಯುವ ಕಡೆ ಮಾತ್ರ ಅಪ್ಪನ ನೆಲದವರೆಗೆ ಹೋಗಲಿ. ಎಡಗಾಲು ಊರಿ ಹಲಗೆಯ ಅಂಚಿಗೆ ಸರಿದು ಚಾಚಿದರೆ ಅವಳ ಬಲಗಾಲು ಅಷ್ಟು ಹೋಗುತ್ತದೆ, ಚಾಚಿದರೆ ನೋವೂ ಕಡಿಮೆ. ಹೀಗೆ ಕುಣಿಯ ನೆಲ ಎರಡು ಮೆಟ್ಟಿಲಾಯಿತು.

ನಾನು ಬಡಗಿಯನ್ನು ಕರೆಯಲು ಹೊರಟಾಗ ಚಿಕ್ಕಪ್ಪ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದ. ಜೋತಾಡುವ ಬಾಲ ನೋಡಿ, "ಇನ್ನೂ ಕತ್ತರಿಸಿಲ್ವಾ ಅತ್ತಿಗೆ?" ಎನ್ನುತ್ತಾ ಬಗ್ಗಿದವನು ಕುಣಿಯೊಳಗೆ ಕಣ್ಣು ಹಾಯಿಸಿ ಅಲ್ಲೇ ಕೂತುಬಿಟ್ಟ. ಆ ಕೆಂಪು ನೆಲವನ್ನು ಅಣ್ಣತಮ್ಮ ಇಬ್ಬರೂ ಸೇರಿ ಬಡಿದು ದಮ್ಮಸು ಮಾಡಿದ್ದರಂತೆ. ಉದ್ದ ತೋಳನ್ನು ಮತ್ತೆ ಕೂರಿಸಲು ಬಡಗಿಯನ್ನು ಕರೆಯಲು ಹೊರಟಿದ್ದೇನೆ ಎಂದು ನಾನು ಹೇಳಿದೆ. ಅವನು ಹೆಗಲ ಹಗ್ಗ ಇಳಿಸಿ ನನ್ನ ಕಡೆ ತಿರುಗಿ, "ಬಡಗಿ ಯಾಕೆ ಬೇಕು? ಆ ಉದ್ದದ್ ತೋಳು ಎಲ್ಲೈತೆ, ತಗಂಬಾ," ಎಂದ. ಬಿಚ್ಚಲು ತಂದ ಹಗ್ಗವನ್ನೇ ಬಳಸಿ ಕಟ್ಟಿದ. ಟೀ ಕುಡಿದು, ಹೊಸ ಹಾಸು ಯಾವಾಗ ತರಿಸಬೇಕು ಎಂದು ಅವ್ವನನ್ನು ಕೇಳಿಕೊಂಡು ಹೋದ. ಜಕಾರ್ಡಿನ ಮಾತು ಎತ್ತಲಿಲ್ಲ.

ಕೇರಿಯ ಹೆಂಗಸರು ಬಂದು ಬೂದಿ ಬೆರಳಿನಲ್ಲಿ ಎಳೆ ಸೇರಿಸಿದರು. ಹೊಸ ಹಾಸು ಹಳೆಯದರ ಬೆನ್ನು ಹಿಡಿದು ಮಗ್ಗದೊಳಗೆ ಬಂತು. ಬೇಸಿಗೆ ಶುರುವಾಗಿತ್ತು, ಶಾಲೆಗೆ ರಜೆ. ಅವ್ವ ಮೊದಲ ಸಲ ತುಳಿದಾಗ ನಾನು ಕುಣಿಯ ಅಂಚಿನಲ್ಲೇ ಕೂತಿದ್ದೆ. ಕಾಲು ನಿಧಾನವಾಗಿ ಕೆಳಗೆ ಹೋಯಿತು, ಇನ್ನೂ ಕೆಳಗೆ ಹೋಯಿತು, ಹಾಸು ಪೂರ್ತಿ ಬಾಯಿ ಬಿಟ್ಟಿತು. ಲಾಳಿ ಈ ಕಡೆಯಿಂದ ಆ ಕಡೆಗೆ ಸರಾಗವಾಗಿ ಹೋಯಿತು. ಕಾಲು ಬಿಟ್ಟಾಗ ತೂಕ ಇಳಿದು ಬಾಯಿ ಮುಚ್ಚಿತು. ನನ್ನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಟೀಚರ್ ಆದೆ.

"ಬಲ ಕಮ್ಮಿ ಆಯ್ತವ್ವ, ಆದ್ರೆ ಕೆಲಸ ಅಷ್ಟೇ ಐತೆ. ಉದ್ದಕ್ಕೆ ತುಳೀಬೇಕು. ಸೀರೆ ಮುಗಿಯೋಕೆ ಜಾಸ್ತಿ ದಿನ ಹಿಡೀತೈತೆ."

"ಹಿಡೀಲಿ," ಎಂದಳು. "ನಂಗೇನ್ ಅವಸರ?"

ಮಧ್ಯಾಹ್ನ ಊಟಕ್ಕೆ ಕರೆದೆ. ಏಳಲಿಲ್ಲ. ಮತ್ತೊಮ್ಮೆ ಕರೆದೆ. ತಟ್ಟೆ ಹಿಡಿದು ಹತ್ತಿರ ಹೋದಾಗ ನೇಯುವುದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದಳು. ಬಲಗಾಲನ್ನು ಚಾಚಿ ಹಿಮ್ಮಡಿಯನ್ನು ಕೆಂಪು ನೆಲಕ್ಕೆ ಊರಿದ್ದಳು. ಹೊರಗೆ ಬಿಸಿಲು ಬಂಡೆ ಸೀಳುವಂತಿತ್ತು.

"ನಿಜವಾಗ್ಲೂ ತಣ್ಣಗೈತೆ ಕಣೇ," ಎಂದಳು ಅವ್ವ. "ಅಷ್ಟ್ ವರ್ಷ ನಿಮ್ಮಪ್ಪ ಸುಳ್ಳು ಹೇಳ್ತಾನೆ ಅಂತ ಬೈದೆ."